ಬಸಿರಿಗೆ ಮುಂಚಿನ ಸೂಜಿ

ಮಗಳೇ, ಸೊರಬದಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಹೋದ ಮೇಲೆ ನಿನಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ ಅಂತ ನನಗೆ ಗೊತ್ತು. ಪಪ್ಪಾಯ ತಿನ್ನಬೇಡ ಎನ್ನುವವರು, ಗ್ರಹಣದ ದಿನ ಹೊರಗೆ ಕಾಲಿಡಬೇಡ ಎನ್ನುವವರು, ‘ಏನಮ್ಮಾ, ಏನೂ ವಿಶೇಷ ಇಲ್ವಾ’ ಅಂತ ಹೊಟ್ಟೆಯ ಕಡೆ ಕಣ್ಣು ಹಾಯಿಸುವವರು ಬೀದಿಗೊಬ್ಬರು ಸಿಗುತ್ತಾರೆ. ಅವರಲ್ಲಿ ಒಬ್ಬರೂ ಕೇಳದ ಪ್ರಶ್ನೆಯನ್ನು ನಿನ್ನ ದೊಡ್ಡಮ್ಮ ಕೇಳುತ್ತಿದ್ದೇನೆ: ನಿನಗೆ ಚಿಕ್ಕಂದಿನಲ್ಲಿ ಮಂಗನ ಬಾವು ಬಂದಿತ್ತಾ? ಬಂದಿಲ್ಲ ಅಂದರೆ, ಅದರ ಲಸಿಕೆ ಆಗಿದೆಯಾ?

ನಗಬೇಡ ಕಣೇ. ವ್ಯಾಕ್ಸಿನ್ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು ಈ ಎರಡೂ ತಾಲ್ಲೂಕಿನ ಹಳ್ಳಿ ತಿರುಗಿದ ನರ್ಸಮ್ಮ ನಾನು. ಬಾಣಂತಿಯರನ್ನೂ ಬಸುರಿಯರನ್ನೂ ನೋಡಿ ನೋಡಿ ಒಂದು ಮಾತು ಮನಸ್ಸಿನಲ್ಲಿ ಕೂತಿದೆ. ಬಸುರಿಯ ಆರೋಗ್ಯದ ಎಷ್ಟೋ ಕೆಲಸ ಬಸಿರು ನಿಲ್ಲುವ ಮೊದಲೇ ಮುಗಿದಿರಬೇಕು. ನಮ್ಮವರು ಎಚ್ಚರವಾಗುವುದು ತಾಯಿ ಕಾರ್ಡ್ ಕೈಗೆ ಬಂದ ಮೇಲೆ. ಮಂಗನ ಬಾವಿನ ವಿಷಯದಲ್ಲಿ ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಅದರ ಲಸಿಕೆಯನ್ನು ಬಸುರಿಗೆ ಕೊಡುವ ಹಾಗಿಲ್ಲ.

ಮೊದಲು ಕಾಯಿಲೆಯ ವಿಷಯ. ಗದ್ದಬಾವು, ಕೆಪ್ಪಟರಾಯ, ಏನಾದರೂ ಕರಿ. ಇದನ್ನು ತರುವುದು ಒಂದು ವೈರಾಣು. ಕೆಮ್ಮಿದಾಗ, ಸೀನಿದಾಗ, ಮಾತಾಡುವಾಗ ಹಾರುವ ಹನಿಯಲ್ಲಿ, ಎಂಜಲು ಲೋಟದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಒಳಗೆ ಹೊಕ್ಕ ಮೇಲೆ ಹನ್ನೆರಡರಿಂದ ಇಪ್ಪತ್ತೈದು ದಿನ ಸದ್ದಿಲ್ಲದೆ ಕೂತಿರುತ್ತದೆ. ಹೆಚ್ಚಿನವರಲ್ಲಿ ಹದಿನಾರು, ಹದಿನೆಂಟನೇ ದಿನದ ಹೊತ್ತಿಗೆ ಜ್ವರ, ಮೈಕೈ ನೋವು, ಊಟ ಬೇಡ ಅನ್ನಿಸುವುದು ಶುರುವಾಗುತ್ತದೆ. ಆಮೇಲೆ ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿರುವ ಜೊಲ್ಲಿನ ಗ್ರಂಥಿ ಊದುತ್ತದೆ. ಹತ್ತಿರದಿಂದ ನೋಡಿದರೆ ಗುರುತು ಸುಲಭ: ದವಡೆಯ ಗೆರೆ ಕಾಣದ ಹಾಗೆ ಬಾವು ತುಂಬಿಕೊಂಡಿರುತ್ತದೆ, ಕಿವಿಯ ಹಾಲೆ ಮೇಲಕ್ಕೆದ್ದು ಹೊರಗೆ ತಳ್ಳಿದ ಹಾಗಿರುತ್ತದೆ. ಹುಳಿ ಬಾಯಿಗೆ ಬಿದ್ದರೆ ಜೀವ ಹೋಗುವ ನೋವು. ಆನವಟ್ಟಿಯ ಕಡೆ ಮೂರು ತಿಂಗಳ ಬಸುರಿಯೊಬ್ಬಳು ಬಯಕೆಯೆಂದು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಒಂದು ಕಚ್ಚು ಕಚ್ಚಿದವಳೇ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಕೂತುಬಿಟ್ಟಿದ್ದಳು. ಅತ್ತೆ ಹಲ್ಲುನೋವು ಅಂದುಕೊಂಡು ಲವಂಗ ಇಡಿಸಿದ್ದರು. ಹಲ್ಲಿನ ಕೀವಿಗೂ ಕೆನ್ನೆ ಊದುತ್ತದೆ ನಿಜ. ಆದರೆ ಕಿವಿಯ ಹಾಲೆ ಏಳುವುದು ಈ ಬಾವಿಗೆ.

ಇದರಲ್ಲಿ ಕೆಟ್ಟ ಸಂಗತಿ ಎಂದರೆ, ಬಾವು ಕಾಣುವ ಒಂದೆರಡು ದಿನ ಮುಂಚಿನಿಂದಲೇ ರೋಗಿ ಇನ್ನೊಬ್ಬರಿಗೆ ಹಚ್ಚುತ್ತಿರುತ್ತಾನೆ. ಬಾವು ಬಂದ ಮೇಲೂ ಐದು ದಿನ ಹಚ್ಚುತ್ತಾನೆ. ಕೆಲವರಿಗೆ ಬಾವೇ ಬರುವುದಿಲ್ಲ, ಸಣ್ಣ ನೆಗಡಿಯ ಹಾಗೆ ಬಂದು ಹೋಗುತ್ತದೆ, ಅವರಿಂದಲೂ ಹರಡುತ್ತದೆ. ಹಾಗಾಗಿ ‘ಬಾವು ಇರುವವರ ಹತ್ತಿರ ಹೋಗಲಿಲ್ಲವಲ್ಲ’ ಎನ್ನುವ ಸಮಾಧಾನ ಸಾಲದು.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ನಮ್ಮ ತಾಲ್ಲೂಕಿನಲ್ಲಿ ಅದು ದುಬಾರಿಯಾಗುತ್ತದೆ. 1957ರಲ್ಲಿ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದದ್ದು ನಮ್ಮ ಸೊರಬದ ಕ್ಯಾಸನೂರಿನಲ್ಲಿ. ಇವತ್ತಿಗೂ ಪ್ರಪಂಚದ ಪುಸ್ತಕಗಳಲ್ಲಿ ಆ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ನಾವು ಕರೆಯುವುದು ಮಂಗನ ಕಾಯಿಲೆ ಅಂತ. ಅದು ಉಣುಗಿನ ಕಡಿತದಿಂದ ಬರುವುದು. ಮಂಗನ ಬಾವಿಗೂ ಅದಕ್ಕೂ ಯಾವ ನಂಟೂ ಇಲ್ಲ, ಮಂಗಕ್ಕೂ ಈ ಬಾವಿಗೂ ಇಲ್ಲ. ಆದರೆ ಚಳಿ ಕಳೆದು ಬೇಸಿಗೆ ಬರುವ ದಿನಗಳಲ್ಲಿ ಎರಡೂ ಓಡಾಡುತ್ತವೆ. ಕೆನ್ನೆ ಊದಿಲ್ಲ, ಜ್ವರ ಜೋರಾಗಿದೆ, ತಲೆ ಸಿಡಿಯುತ್ತಿದೆ, ಹಿಂದಿನ ವಾರ ಯಾರೋ ಕಾಡಂಚಿಗೆ ಸೊಪ್ಪು ತರಗೆಲೆಗೆ ಹೋಗಿದ್ದರು ಎಂದಾದರೆ ಆ ಮಾತನ್ನು ಡಾಕ್ಟರಿಗೆ ಮೊದಲು ಹೇಳಬೇಕು. ‘ಮಂಗನ ಬಾವು ಇರಬೇಕು, ವಾರದಲ್ಲಿ ಹೋಗುತ್ತೆ’ ಅಂತ ಮನೆಯಲ್ಲಿ ಮಲಗಿಸುವ ಹಾಗಿಲ್ಲ. ತವರಿಗೆ ಬಂದಾಗ ಇದು ನೆನಪಿರಲಿ.

ಇನ್ನು ಬಸಿರಿನಲ್ಲಿ ಮಂಗನ ಬಾವು ಬಂದರೆ ಏನಾಗುತ್ತದೆ? ಊರಿನ ಕಟ್ಟೆಯ ಮೇಲೆ ಎರಡು ಉತ್ತರ ಇವೆ. ‘ಅಯ್ಯೋ, ಏನೂ ಆಗಲ್ಲ, ಎಲ್ಲರಿಗೂ ಬರೋದೇ’ ಎನ್ನುವುದು ಒಂದು. ‘ಮಗು ಕುರುಡಾಗಿ ಕಿವುಡಾಗಿ ಹುಟ್ಟುತ್ತೆ, ತೆಗೆಸಿಬಿಡು’ ಎನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯದ್ದು.

ನಿಜ ಇಷ್ಟು. ಮಂಗನ ಬಾವಿನಿಂದ ಹೊಟ್ಟೆಯ ಕೂಸಿಗೆ ಅಂಗವೈಕಲ್ಯ ಬರುತ್ತದೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. 1966ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಈ ಬಾವು ಬಂದವರಿಗೆ ಗರ್ಭಪಾತ ಹೆಚ್ಚಾಗಿ ಆದದ್ದು ಕಂಡಿತ್ತು. ಆಮೇಲಿನ ಅಧ್ಯಯನಗಳಲ್ಲಿ ಅದು ಹಾಗೆ ಕಾಣಲಿಲ್ಲ. ಹಾಗಂತ ಡಾಕ್ಟರುಗಳು ಕೈ ಬಿಡುವುದಿಲ್ಲ, ಮೊದಲ ಮೂರು ತಿಂಗಳಲ್ಲಿ ಬಂದರೆ ಹೆಚ್ಚು ನಿಗಾ ಇಡುತ್ತಾರೆ. ಮಗುವನ್ನು ನಿಜವಾಗಿ ಕೆಡಿಸುವುದು ರುಬೆಲ್ಲಾ. ಮೊದಲ ಹನ್ನೆರಡು ವಾರದಲ್ಲಿ ತಾಯಿಗೆ ಅದು ತಗುಲಿದರೆ ನೂರರಲ್ಲಿ ತೊಂಬತ್ತು ಕೂಸುಗಳವರೆಗೆ ಕಣ್ಣು, ಕಿವಿ, ಹೃದಯ ಹಾಳಾಗಬಹುದು. ನಮ್ಮ ಜನ ರುಬೆಲ್ಲಾದ ಹೆದರಿಕೆಯನ್ನು ತಂದು ಮಂಗನ ಬಾವಿನ ತಲೆಗೆ ಕಟ್ಟಿದ್ದಾರೆ. ಆ ಆನವಟ್ಟಿ ಕಡೆಯ ಹುಡುಗಿಗೂ ಅಕ್ಕಪಕ್ಕದವರು ತೆಗೆಸಲು ಹೇಳಿದ್ದರು, ಗಂಡ ದುಡ್ಡು ಹೊಂದಿಸಿಕೊಂಡೂ ಆಗಿತ್ತು. ಶಿವಮೊಗ್ಗದಲ್ಲಿ ತೋರಿಸಿ, ಸ್ಕ್ಯಾನ್ ಮಾಡಿಸಿ, ಡಾಕ್ಟರು ‘ಇದಕ್ಕೆಲ್ಲ ತೆಗೆಸುತ್ತಾರೇನಮ್ಮ’ ಎಂದು ಗದರಿದ ಮೇಲೆ ಮನೆಯವರ ಬಾಯಿ ನಿಂತಿತು. ಹೆರಿಗೆ ಸಲೀಸಾಗಿ ಆಯಿತು.

ತಾಯಿಗಂತೂ ಇದು ಹಗುರ ಕಾಯಿಲೆ ಅಂತ ಹೇಳಲಾರೆ. ಮಕ್ಕಳಿಗಿಂತ ದೊಡ್ಡವರಿಗೆ ಇದು ಜೋರು. ಮಿದುಳಿನ ಪೊರೆಗೆ ಬಾವು ಬರಬಹುದು, ಮೇದೋಜೀರಕ ಗ್ರಂಥಿಗೆ ಬರಬಹುದು, ಅಪರೂಪಕ್ಕೆ ಒಂದು ಕಿವಿ ಶಾಶ್ವತವಾಗಿ ಹೋಗುತ್ತದೆ. ನೂರು ಹೆಂಗಸರಲ್ಲಿ ಸುಮಾರು ಐವರಿಗೆ ಅಂಡಾಶಯಕ್ಕೆ ಇಳಿದು ಕಿಬ್ಬೊಟ್ಟೆ ನೋಯುತ್ತದೆ, ಕೆಲವರಿಗೆ ಮೊಲೆ ಊದುತ್ತದೆ. ಅದರ ಜೊತೆಗೆ ಜ್ವರ, ಹೊಟ್ಟೆಗೆ ಏನೂ ಸೇರದಿರುವುದು, ನೀರು ಕಡಿಮೆಯಾಗುವುದು. ವಾಂತಿಯಲ್ಲೇ ಬಸವಳಿದ ಬಸುರಿಗೆ ಅಷ್ಟೇ ಸಾಕು ಆಸ್ಪತ್ರೆ ಸೇರಲು.

ಈಗ ಲಸಿಕೆಗೆ ಬರುತ್ತೇನೆ. ಇದನ್ನೇ ಹೇಳಲು ಇಷ್ಟು ಉದ್ದ ಎಳೆದದ್ದು.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಶಾಲೆ ಶಾಲೆಗೂ ಹೋಗಿ ಒಂದು ಇಂಜೆಕ್ಷನ್ ಹಾಕಿದೆವು, ನೆನಪಿದೆಯಾ? ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ. ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ವಾಟ್ಸಾಪಿನಲ್ಲಿ ಓಡಾಡಿ, ಕೆಲವು ಅಪ್ಪಂದಿರು ಶಾಲೆಯ ಗೇಟಿಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಅವತ್ತು ಸಾಲಿನಲ್ಲಿ ನಿಂತ ಹುಡುಗಿಯರೇ ಈಗ ನಿನ್ನ ಹಾಗೆ ಮದುವೆಯಾಗಿ ಹೋಗುತ್ತಿದ್ದೀರಿ. ಕೇಳಿದರೆ ‘ಶಾಲೆಯಲ್ಲಿ ಎಲ್ಲಾ ಹಾಕಿದ್ದಾರೆ’ ಎನ್ನುತ್ತೀರಿ. ಎಲ್ಲಾ ಅಲ್ಲ ಮಗಳೇ. ಅದು ಎಂಆರ್, ದಡಾರ ಮತ್ತು ರುಬೆಲ್ಲಾ ಎರಡಕ್ಕೆ ಮಾತ್ರ. ಸರ್ಕಾರದ ಪಟ್ಟಿಯಲ್ಲಿ ಕೂಸುಗಳಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಮ್ಮೆ ಹಾಕುವುದೂ ಅದೇ ಎಂಆರ್. ಮಂಗನ ಬಾವಿನದ್ದು ಅದರಲ್ಲಿ ಇಲ್ಲ. ಮೂರೂ ಸೇರಿದ್ದು ಎಂಎಂಆರ್. ಮಕ್ಕಳ ತಜ್ಞರ ಸಂಘ ಶಿಫಾರಸು ಮಾಡುವುದು ಅದನ್ನು. ನಮ್ಮ ಕಡೆ ಅದನ್ನು ಖಾಸಗಿ ಡಾಕ್ಟರ ಹತ್ತಿರ ದುಡ್ಡು ಕೊಟ್ಟೇ ಹಾಕಿಸಬೇಕು. ಕೊಟ್ಟವರ ಮಕ್ಕಳಿಗೆ ಆಗಿದೆ, ಮಿಕ್ಕವರಿಗೆ ಇಲ್ಲ. 2024ರ ಮೊದಲ ತಿಂಗಳುಗಳಲ್ಲಿ ಪಕ್ಕದ ಕೇರಳದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಮಂಗನ ಬಾವು ಬಂತು. ಸರ್ಕಾರ ಎಂಎಂಆರ್ ಅನ್ನೇ ಎಲ್ಲರಿಗೂ ಕೊಡಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ. ಕೆಲಸದಲ್ಲಿದ್ದಾಗ ಮೀಟಿಂಗಿನಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ.

ಈ ಲಸಿಕೆಯ ಹಿಂದೆ ಒಬ್ಬ ಹೆಣ್ಣುಮಗು ಇದ್ದಾಳೆ, ಗೊತ್ತಾ? 1963ರಲ್ಲಿ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಲೆಮನ್ ಅವರ ಮಗಳು ಜೆರಿಲ್ ಲಿನ್ ರಾತ್ರಿ ಎದ್ದು ಗಂಟಲು ನೋವು ಅಂದಳು. ಕೆನ್ನೆ ಮುಟ್ಟಿ ನೋಡಿದ ಅಪ್ಪನಿಗೆ ಮಂಗನ ಬಾವು ಅಂತ ತಿಳಿಯಿತು. ಮಗಳನ್ನು ಮಲಗಿಸಿ, ಲ್ಯಾಬಿಗೆ ಹೋಗಿ ಸಾಮಾನು ತಂದು, ಅವಳ ಗಂಟಲಿನಿಂದ ಮಾದರಿ ತೆಗೆದಿಟ್ಟರು. ಅದೇ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಗೆ 1967ರಲ್ಲಿ ಪರವಾನಗಿ ಸಿಕ್ಕಿತು. ಆ ತಳಿಗೆ ಇವತ್ತಿಗೂ ಮಗಳ ಹೆಸರೇ. ಜೆರಿಲ್‌ಳ ತಂಗಿಗೂ ಅದೇ ಲಸಿಕೆ ಹಾಕಿದರು.

ದುರ್ಬಲಗೊಳಿಸಿದ್ದು ಅಂದೆನಲ್ಲ, ಎಂಎಂಆರ್ ಜೀವಂತ ಲಸಿಕೆ. ಅದಕ್ಕೇ ಬಸುರಿಯರಿಗೆ ಬೇಡ ಎನ್ನುವುದು. ಹಾಕಿಸಿಕೊಂಡ ಮೇಲೂ ನಾಲ್ಕು ವಾರ ಬಸಿರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ದೊಡ್ಡವರಿಗೆ ಎರಡು ಡೋಸ್, ಮಧ್ಯೆ ಕನಿಷ್ಠ 28 ದಿನ. ಮುಟ್ಟು ಬಂದ ಮೇಲೆ ಮೊದಲನೆಯದು ಹಾಕಿಸಿದರೆ ಅನುಮಾನಕ್ಕೆ ಜಾಗವಿಲ್ಲ. ಆಮೇಲೆ ಒಂದು ತಿಂಗಳು ಬಿಟ್ಟು ಎರಡನೆಯದು, ಅದರ ಮೇಲೆ ಇನ್ನೊಂದು ತಿಂಗಳು. ಎಲ್ಲ ಸೇರಿ ಎರಡು ತಿಂಗಳ ಮಾತು. ಮದುವೆ ಗೊತ್ತಾದ ದಿನದಿಂದ ಲಗ್ನದವರೆಗೆ ಸೀರೆ ಅಂಗಡಿಗೆ ಎಷ್ಟು ಸಲ ಹೋಗಿಬಂದೆವು! ಆ ಓಡಾಟದಲ್ಲಿ ಇದಕ್ಕೂ ಎರಡು ದಿನ ಎತ್ತಿಡಬೇಕಿತ್ತು. ಈಗಲೂ ಹೊತ್ತು ಮೀರಿಲ್ಲ. ಅತ್ತೆ ‘ಇನ್ನೂ ಯಾಕೆ ಮುಂದೂಡ್ತೀರಿ’ ಅಂದರೆ, ಡಾಕ್ಟರು ಹೇಳಿದ್ದಾರೆ ಅಂತ ನನ್ನ ಹೆಸರು ಬಿಟ್ಟು ಅವರ ಹೆಸರು ಹೇಳು. ಅತ್ತೆಯಂದಿರಿಗೆ ಡಾಕ್ಟರ ಮೇಲೆ ಇರುವ ಗೌರವ ಸೊಸೆಯ ದೊಡ್ಡಮ್ಮನ ಮೇಲೆ ಇರುವುದಿಲ್ಲ.

ಚಿಕ್ಕಂದಿನಲ್ಲಿ ಬಾವು ಬಂದಿತ್ತು ಅಂತ ನಿನ್ನಮ್ಮ ಖಚಿತವಾಗಿ ಹೇಳಿದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆದರೂ ರುಬೆಲ್ಲಾ ಲಸಿಕೆ ಆಗಿದೆಯೋ ಇಲ್ಲವೋ ಎನ್ನುವ ಪ್ರಶ್ನೆ ಉಳಿಯುತ್ತದಲ್ಲ. ಕಾರ್ಡ್ ಕಳೆದುಹೋಗಿದ್ದರೆ, ನೆನಪಿಲ್ಲದಿದ್ದರೆ, ಎಂಎಂಆರ್ ಹಾಕಿಸುವುದೇ ಒಳ್ಳೆಯದು. ಮೊದಲೇ ಆಗಿದ್ದರೂ ಇನ್ನೊಮ್ಮೆ ಹಾಕಿಸಿದರೆ ತೊಂದರೆಯಿಲ್ಲ. ಕೈ ಸ್ವಲ್ಪ ನೋಯಬಹುದು, ವಾರ ಹತ್ತು ದಿನಕ್ಕೆ ಸಣ್ಣ ಜ್ವರ ಬರಬಹುದು. ಹಾಕಿಸುವಾಗ ಒಂದು ಗಮನಿಸು: ಸೀಸೆಯೊಳಗೆ ಪುಡಿ ಇರುತ್ತದೆ, ನಿನ್ನೆದುರೇ ದ್ರಾವಣ ಬೆರೆಸಿ ಹಾಕಬೇಕು. ಬೆರೆಸಿದ ಮೇಲೆ ಆರು ಗಂಟೆ ದಾಟಿದರೆ ಎಸೆಯಬೇಕು. ಫ್ರಿಜ್ಜಿನಿಂದ ತೆಗೆದದ್ದೇ ಅಂತ ಕೇಳಿದರೆ ನರ್ಸ್ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಸೊರಬದ ಬಸ್ಸಿಗೆ ಕಾಯುತ್ತಾ ಐಸ್ ಪ್ಯಾಕ್ ಕರಗದ ಹಾಗೆ ಕ್ಯಾರಿಯರನ್ನು ನೆರಳಿನಿಂದ ನೆರಳಿಗೆ ಎತ್ತಿಟ್ಟುಕೊಂಡವಳು ಹೇಳುತ್ತಿದ್ದೇನೆ.

ಲಸಿಕೆ ಹಾಕಿಸಿಕೊಂಡ ಮೇಲೆ, ಅಥವಾ ಹಾಕಿಸಿಕೊಳ್ಳುವಾಗಲೇ ಬಸಿರಾಗಿದ್ದು ಆಮೇಲೆ ಗೊತ್ತಾಯಿತು ಅಂದುಕೋ. ಎದೆ ಒಡೆದುಕೊಳ್ಳಬೇಡ. ಹಾಗೆ ಅರಿಯದೆ ಹಾಕಿಸಿಕೊಂಡದ್ದು ಗರ್ಭ ತೆಗೆಸಲು ಕಾರಣವೇ ಅಲ್ಲ. ಡಾಕ್ಟರಿಗೆ ಹೇಳಿ ತಾಯಿ ಕಾರ್ಡಿನಲ್ಲಿ ಬರೆಸು, ಸಾಕು.

ಬಸಿರು ಈಗಾಗಲೇ ನಿಂತಿದ್ದರೆ ನಿನ್ನ ಸೂಜಿ ಹೆರಿಗೆಯ ತನಕ ಕಾಯಬೇಕು. ಆದರೆ ಮನೆಯ ಉಳಿದವರಿಗೆ ಹಾಕಿಸಬಹುದು. ಮೈದುನನ ಮಕ್ಕಳು ಶಾಲೆಗೆ ಹೋಗುತ್ತಾರಲ್ಲ, ಅವರಿಗೆ ಎಂಎಂಆರ್ ಹಾಕಿಸಿದರೆ ಆ ಲಸಿಕೆಯಿಂದ ನಿನಗೇನೂ ಹರಡುವುದಿಲ್ಲ. ಅವರಿಗೆ ಬಾವು ಬರದಿದ್ದರೆ ಅದು ನಿನಗೇ ಕಾವಲು.

ಗಂಡನಿಗೂ ಹಾಕಿಸು. ಈ ಮಾತು ಹೇಳಲು ನಮ್ಮವರು ನಾಚುತ್ತಾರೆ, ನಾನು ನಾಚುವ ವಯಸ್ಸು ದಾಟಿದವಳು. ಪ್ರಾಯದ ಗಂಡಸರಿಗೆ ಮಂಗನ ಬಾವು ಬಂದರೆ, ಲಸಿಕೆ ಆಗದವರಲ್ಲಿ ನೂರಕ್ಕೆ ಮೂವತ್ತರವರೆಗೆ ವೃಷಣಕ್ಕೆ ಇಳಿಯುತ್ತದೆ. ಪೂರ್ತಿ ಬಂಜೆತನ ಅಪರೂಪ, ಆದರೆ ವೀರ್ಯ ಕಡಿಮೆಯಾಗುವುದುಂಟು. ಮಕ್ಕಳಾಗಲಿಲ್ಲ ಎಂದು ಸೊಸೆಯನ್ನು ಊರೂರು ತೋರಿಸುವವರು ಮಗನಿಗೆ ಯಾವ ಕಾಯಿಲೆ ಬಂದಿತ್ತು ಅಂತ ಕೇಳುವುದೇ ಇಲ್ಲ.

ಸೀಮಂತದ ದಿನ ಹುಷಾರು. ಮಡಿಲು ತುಂಬಿಸುವವರು, ಆರತಿ ಎತ್ತುವವರು, ಒಂದೇ ತಟ್ಟೆಯಿಂದ ಬಾಯಿಗೆ ತುತ್ತಿಡುವವರು, ಹಿಂದೆ ಮುಂದೆ ಹತ್ತಾರು ಮಕ್ಕಳು. ಹುಚ್ಚರಾಯಸ್ವಾಮಿ ತೇರು, ಶಿರಾಳಕೊಪ್ಪದ ಸಂತೆ, ದೀಪಾವಳಿ ಆದ ಮೇಲಿನ ಹೋರಿ ಹಬ್ಬ ಇವೆಲ್ಲ ತಪ್ಪಿಸಬಹುದು. ನಿನ್ನದೇ ಸೀಮಂತವನ್ನು ತಪ್ಪಿಸಲಾಗದು. ಊರಲ್ಲಿ ಬಾವು ಓಡಾಡುತ್ತಿದೆ ಅಂತ ಆಶಾ ಕಾರ್ಯಕರ್ತೆ ಹೇಳಿದರೆ, ಜ್ವರ, ಕೆನ್ನೆ ಬಾವು ಇರುವ ಮಕ್ಕಳನ್ನು ಕರೆತರಬೇಡಿ ಅಂತ ಮೊದಲೇ ಹೇಳಿ ಕಳಿಸು. ನೀನು ಹೇಳಲು ಆಗದಿದ್ದರೆ ಗಂಡನ ಬಾಯಲ್ಲಿ ಹೇಳಿಸು. ಯಾರೋ ಮುನಿಸಿಕೊಳ್ಳುತ್ತಾರೆ, ಹೋಳಿಗೆ ತಿಂದರೆ ಮುನಿಸು ಇಳಿಯುತ್ತದೆ. ಲೋಟ, ಟವೆಲ್ ಬೇರೆ ಇರಲಿ. ಮನೆಯಲ್ಲೇ ಯಾರಿಗಾದರೂ ಬಂದರೆ, ಬಾವು ಕಂಡ ದಿನದಿಂದ ಐದು ದಿನ ಅವರು ಒಂದು ಕೋಣೆ, ನೀನು ಇನ್ನೊಂದು. ಆ ಮಗುವಿನ ಚಾಕರಿ ಬೇರೆಯವರು ಮಾಡಲಿ. ರೋಗಿಯ ಹತ್ತಿರ ಕೂತಿದ್ದೆ, ಈಗ ಏನು ಮಾಡಲಿ ಅಂತ ಕೇಳಿದರೆ, ಹಾಗೆ ತಗುಲಿದ ಮೇಲೆ ತಡೆಯುವ ಸೂಜಿ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೇಳು, ಇಪ್ಪತ್ತೈದು ದಿನ ಮೈಮೇಲೆ ಗಮನ ಇರಲಿ. ಆಸ್ಪತ್ರೆಗೆ ಹೋಗುವಾಗ ಮಾಸ್ಕ್ ಹಾಕಿಕೋ, ಮೊದಲೇ ತಿಳಿಸಿ ಹೋಗು. ಅಲ್ಲಿ ಸಾಲಿನಲ್ಲಿ ಕೂತಿರುವವರೂ ಬಸುರಿಯರೇ.

ಬಂದೇಬಿಟ್ಟರೆ ಇದಕ್ಕೆ ಅಂತ ಬೇರೆ ಔಷಧಿ ಇಲ್ಲ. ವಿಶ್ರಾಂತಿ, ನೀರು, ಜ್ವರಕ್ಕೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಮೆಡಿಕಲ್ ಶಾಪಿನವರು ನೋವಿನ ಮಾತ್ರೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಕೊಟ್ಟರೆ ಡಾಕ್ಟರನ್ನು ಕೇಳದೆ ನುಂಗಬೇಡ. ಬಿಪಿಗೆಂದು ಡಾಕ್ಟರೇ ಬರೆದ ಮಾತ್ರೆ ಇದ್ದರೆ ಅದನ್ನು ನೀನಾಗೇ ನಿಲ್ಲಿಸಲೂ ಬೇಡ. ಗಂಜಿ, ಅಂಬಲಿ, ಮೆತ್ತಗೆ ಬೆಂದ ಅನ್ನ ತಿನ್ನು. ಹುಣಸೆ, ನಿಂಬೆ, ಉಪ್ಪಿನಕಾಯಿ ಕೆಲವು ದಿನ ದೂರ. ಹುಳಿಗೆ ಜೊಲ್ಲು ಸುರಿದು ಊದಿದ ಗ್ರಂಥಿ ಹಿಂಡಿದಂತಾಗುತ್ತದೆ. ಕೊರಳಿಗೆ ಬಂಗಾರದ ಸರ ಹಾಕಿದರೆ ಇಳಿಯುತ್ತದೆ ಅಂತ ನಮ್ಮ ಕಡೆ ಹಾಕುತ್ತಾರೆ. ಹಾಕಿಕೋ, ಚೆಂದ ಕಾಣುತ್ತದೆ, ಬಾವು ಅದರಷ್ಟಕ್ಕೆ ವಾರದಲ್ಲಿ ಇಳಿಯುತ್ತದೆ. ಸುಣ್ಣ, ಸುಡುವ ಲೇಪ ಮಾತ್ರ ಬೇಡ, ಚರ್ಮ ಸುಡುತ್ತದೆ. ದೇವರ ಮೇಲೆ ಭಾರ ಹಾಕಿ ಆಸ್ಪತ್ರೆ ಬಿಡುವವರಿಗೆ ಒಂದು ಮಾತು ಹೇಳು: ನಿಮ್ಮದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 12ನೇ ಶತಮಾನದ ಶಾಸನದಲ್ಲೇ ಇದೆ. ದೇವರನ್ನು ನಂಬಿದ ಜಾಗದಲ್ಲೇ ಮದ್ದೂ ಅರೆಯುತ್ತಿದ್ದರು.

ಮನೆಯಲ್ಲಿ ಇರಬಾರದ ಗಳಿಗೆಗಳಿವೆ, ಅವನ್ನು ಗಂಡನಿಗೂ ಹೇಳಿಡು. ತಲೆ ಸಿಡಿಯುವ ನೋವು, ಕತ್ತು ಬಗ್ಗಿಸಲಾಗದಿರುವುದು, ನಿಲ್ಲದ ವಾಂತಿ, ಕಿವಿ ಕೇಳಿಸದಂತಾಗುವುದು, ಮೇಲ್ಹೊಟ್ಟೆಯ ನೋವು, ರಕ್ತ ಅಥವಾ ನೀರು ಹೋಗುವುದು, ಮಗುವಿನ ಒದೆತ ಕಡಿಮೆಯಾಗುವುದು. ಐದು ತಿಂಗಳು ದಾಟಿದ ಮೇಲೆ ತಲೆನೋವು, ಮೇಲ್ಹೊಟ್ಟೆ ನೋವು, ಕಣ್ಣು ಮಂಜಾಗುವುದು ಬಿಪಿ ಏರಿದ್ದರ ಗುರುತೂ ಆಗಿರಬಹುದು. ಕೆನ್ನೆ ಊದಿದೆ ಎನ್ನುವ ಕಾರಣಕ್ಕೆ ಎಲ್ಲವನ್ನೂ ಮಂಗನ ಬಾವಿನ ಲೆಕ್ಕಕ್ಕೆ ಬರೆದು ಕೂತರೆ ತಾಯಿ ಮಗು ಇಬ್ಬರಿಗೂ ಕೇಡು. ಬಿಪಿ ನೋಡಿ ಅಂತ ಬಾಯಿಬಿಟ್ಟು ಕೇಳು. ಅಪರಾತ್ರಿ ಆದರೆ 108ಕ್ಕೆ ಫೋನ್ ಮಾಡು. ಏನು ಮಾಡಬೇಕು ತಿಳಿಯದಿದ್ದರೆ 104ಕ್ಕೆ ಮಾಡಿ ಕೇಳಬಹುದು. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಬಿಟ್ಟಿ ಇರುತ್ತದೆ, ಅದನ್ನು ತಪ್ಪಿಸಬೇಡ.

ಹೆರಿಗೆಯ ಹೊತ್ತಿಗೇ ಬಾವು ಬಂದಿದ್ದರೆ ಹಾಲು ಬಿಡಿಸಿಬಿಡಿ ಎನ್ನುವವರು ಇರುತ್ತಾರೆ. ಅವರ ಮಾತಿಗೆ ಹಾಲು ನಿಲ್ಲಿಸಬೇಡ. ಮಾಸ್ಕ್ ಹಾಕಿ, ಕೈ ತೊಳೆದು, ಮಕ್ಕಳ ಡಾಕ್ಟರನ್ನು ಕೇಳಿ ಕುಡಿಸು. ಎಂಎಂಆರ್ ಆಗಿಲ್ಲದಿದ್ದರೆ ಬಾಣಂತನದಲ್ಲೇ, ಹಾಲೂಡಿಸುತ್ತಲೇ ಹಾಕಿಸಿಕೊಳ್ಳಬಹುದು. ತವರಿನಲ್ಲಿ ಸೊಂಟಕ್ಕೆ ಬಟ್ಟೆ ಕಟ್ಟಿ ಕೂರಿಸುವಾಗ ಇದನ್ನು ಮರೆಸದಿರುವುದು ನನ್ನ ಜವಾಬ್ದಾರಿ. ಕೂಸಿಗೆ ಒಂಬತ್ತು ತಿಂಗಳು ತುಂಬಿದಾಗ ಅಂಗನವಾಡಿಯಲ್ಲಿ ಎಂಆರ್ ಹಾಕುತ್ತಾರೆ, ತಪ್ಪದೆ ಹಾಕಿಸು. ಎಂಎಂಆರ್ ಯಾವಾಗ, ಯಾವುದರ ಬದಲಿಗೆ ಎನ್ನುವುದನ್ನು ಮಕ್ಕಳ ಡಾಕ್ಟರ ಹತ್ತಿರ ಕೇಳಿ ಅದೇ ಕಾರ್ಡಿನಲ್ಲಿ ತಾರೀಖು ಹಾಕಿಸು. ಮುಂದಿನ ವಾರ ನಿನ್ನಮ್ಮನ ಟ್ರಂಕಿನಲ್ಲಿ ನಿನ್ನ ಹಳೆಯ ಲಸಿಕೆ ಕಾರ್ಡ್ ಇದೆಯೇ ಅಂತ ಹುಡುಕುತ್ತೇನೆ. ಸಿಕ್ಕರೆ ಫೋಟೋ ಕಳಿಸುತ್ತೇನೆ, ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳುತ್ತೇನೆ. ಆಗ ನೀವಿಬ್ಬರೂ ಲಸಿಕೆ ಹಾಕಿಸಿಕೊಳ್ಳಲು ಹೊರಡಿ.